ಕಾಲಿನ ಗಾಯಕ್ಕೆ ಆಕ್ಸಿಜನ್ ಕೊಡುವ ಮುಂಚೆ ನಾನು ಹೃದಯ ನೋಡುವುದು ಹೀಗೆ

ಮುಚ್ಚಿದ ಕೊಳವೆಯೊಳಗೆ ಒತ್ತಡ ಏರಿಸಿ ಆಕ್ಸಿಜನ್ ಕೊಡುವ ನಮ್ಮ ಹೈಪರ್‌ಬೇರಿಕ್ ಚೇಂಬರ್‌ಗೆ ಬರುವವರಲ್ಲಿ ಸಕ್ಕರೆ ಕಾಯಿಲೆಯವರೇ ಜಾಸ್ತಿ. ಕಾಲಿನ ಗಾಯ ಮಾಯದೆ, ಸೋಂಕು ಮೂಳೆ ತನಕ ಇಳಿದು, ಬೆರಳು ತೆಗೀಬೇಕಾ ಪಾದವೇ ತೆಗೀಬೇಕಾ ಅನ್ನುವ ಹೊತ್ತಿಗೆ ಕಳಿಸುತ್ತಾರೆ. ಎಲ್ಲರ ಕಣ್ಣೂ ಗಾಯದ ಮೇಲೆ. ನಾನು ಮಾತ್ರ ಮೊದಲು ಎದೆ ನೋಡುತ್ತೇನೆ.

ಯಾಕೆ ಅಂದರೆ, ಚೇಂಬರ್ ಒಳಗಿನ ಒತ್ತಡ ಮಾಮೂಲಿಗಿಂತ 2ರಿಂದ 2.5 ಪಟ್ಟು. ಸುಮಾರು 90 ನಿಮಿಷ ಶುದ್ಧ ಆಕ್ಸಿಜನ್ ಉಸಿರಾಡಬೇಕು. ಆಗ ಅದು ರಕ್ತದ ನೀರಿನಂಶದಲ್ಲೇ ಕರಗಿ ಗಾಯದ ತನಕ ಹೋಗುತ್ತದೆ, ಅದೇ ನಮಗೆ ಬೇಕಾದ್ದು. ಆದರೆ ಅಷ್ಟು ಆಕ್ಸಿಜನ್‌ಗೆ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ನಾಡಿ ನಿಧಾನವಾಗುತ್ತದೆ, ಹೃದಯ ನಿಮಿಷಕ್ಕೆ ತಳ್ಳುವ ರಕ್ತ ಸ್ವಲ್ಪ ಇಳಿಯುತ್ತದೆ. ಗಟ್ಟಿ ಹೃದಯ ಇದನ್ನು ತಡೆದುಕೊಳ್ಳುತ್ತದೆ. ಸೋತ ಹೃದಯವಾದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. 2001ರಲ್ಲಿ ಅಮೆರಿಕದ ವೈದ್ಯರು ಇಂಥ ಮೂರು ಪ್ರಕರಣ ವರದಿ ಮಾಡಿದ್ದಾರೆ. ಏನಾದರೂ ಆದರೆ ಬಾಗಿಲು ತಟ್ಟನೆ ತೆಗೆಯೋಕೂ ಆಗಲ್ಲ, ಒತ್ತಡ ಇಳಿಸಲು ಕೆಲವು ನಿಮಿಷ ಬೇಕೇ ಬೇಕು.

ಸೋತ ಹೃದಯದವರಿಗೆ ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆ, ಹಾಗಾಗಿ ನನ್ನ ಮೊದಲ ಪ್ರಶ್ನೆ ತುಂಬಾ ಸರಳ. ‘ಯಜಮಾನ್ರೇ, ರಾತ್ರಿ ಎಷ್ಟು ದಿಂಬು ಇಟ್ಕೋತೀರಾ?’ ಒಬ್ಬರು ಹೇಳಿದರು, ‘ದಿಂಬು ಎಲ್ಲಿ ಡಾಕ್ಟ್ರೇ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡೋದು.’ ಅವರ ಫೈಲಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಇತ್ತು, ಇ.ಎಫ್., ಅಂದರೆ ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡಾ 60 ಅಂತ ಬರೆದಿತ್ತು. ಮಗ ‘ಹಾರ್ಟ್ ನಾರ್ಮಲ್ ಇದೆ’ ಅಂದ. ಮಲಗಿಸಿದ ಸ್ವಲ್ಪ ಹೊತ್ತಿಗೇ ಅವರಿಗೆ ಉಸಿರು ಕಟ್ಟಿತು, ಕತ್ತಿನ ರಕ್ತನಾಳ ಉಬ್ಬಿತು. ಅವತ್ತು ಚೇಂಬರ್ ಬೇಡ ಅಂದೆ.

ಇ.ಎಫ್. ಹೇಳುವುದು ಹೃದಯ ಎಷ್ಟು ಹಿಂಡುತ್ತದೆ ಅನ್ನುವುದನ್ನು. ಹಳೆಯ ಸಕ್ಕರೆ ಕಾಯಿಲೆಯಲ್ಲಿ ಎಷ್ಟೋ ಸಲ ಮೊದಲು ಕೆಡುವುದು ಸಡಿಲವಾಗುವ ಕೆಲಸ. ಹಳೆಯ ರಬ್ಬರಿನ ಹಾಗೆ ಗೋಡೆ ಬಿರುಸಾಗಿ, ರಕ್ತ ತುಂಬಿಕೊಳ್ಳೋಕೆ ಒದ್ದಾಡುತ್ತದೆ. ಅದಕ್ಕೇ ಎಕೋ ಮಾಡುವವರಿಗೆ ‘ಇ ಬೈ ಇ ಪ್ರೈಮ್ ನೋಡಿ ಬರೀರಿ’ ಅಂತ ಚೀಟಿ ಕೊಡುತ್ತೇನೆ. ಹೃದಯ ತುಂಬಿಕೊಳ್ಳುವಾಗಿನ ಒತ್ತಡವನ್ನು ಅಂದಾಜು ಮಾಡುವ ಎಕೋ ಅಳತೆ ಅದು. 14 ದಾಟಿದರೆ ಹೃದಯದ ಒಳಗೆ ಒತ್ತಡ ಜಾಸ್ತಿ ಇದೆ ಅಂತ ಎಚ್ಚರ. ಇ.ಎಫ್. 40ಕ್ಕಿಂತ ಕಮ್ಮಿ ಇದ್ದರೆ ಹೃದ್ರೋಗ ತಜ್ಞರನ್ನು ಕೇಳದೆ ಚೇಂಬರ್ ಒಳಗೆ ಬಿಡುವುದೇ ಇಲ್ಲ. ಇಸಿಜಿ ಎಲ್ಲರಿಗೂ, ಎದೆನೋವು ಇಲ್ಲದಿದ್ದರೂ, ಏಕೆಂದರೆ ಸಕ್ಕರೆ ಕಾಯಿಲೆಯಿಂದ ನರ ಸತ್ತಿರುವವರಿಗೆ ಹಾರ್ಟ್ ಅಟ್ಯಾಕ್ ಕೂಡ ನೋವಿಲ್ಲದೆ ಬರಬಹುದು. ಪೇಸ್‌ಮೇಕರ್ ಇದ್ದರೆ ಆ ಮಾಡೆಲ್ ಒತ್ತಡ ತಡೆಯುತ್ತದಾ ಅಂತ ಕಂಪನಿಯಿಂದ ಬರೆಸಿಕೊಳ್ಳುತ್ತೇನೆ.

ಗೋಡೆಗೆ ಒರಗಿ ಮಲಗುತ್ತಿದ್ದವರಿಗೆ ಹೃದ್ರೋಗ ತಜ್ಞರು ನೀರಿನ ಮಾತ್ರೆ (ಮೈಯ ಹೆಚ್ಚುವರಿ ನೀರು ಮೂತ್ರದಲ್ಲಿ ಹೊರಹಾಕುವುದು) ಸರಿಮಾಡಿದರು, ಉಪ್ಪು ಕಮ್ಮಿ ಮಾಡಿಸಿದರು. ಚಪ್ಪಟೆ ಮಲಗಲು ಆದ ಮೇಲೆ ಶುರು ಮಾಡಿದೆವು. ಒತ್ತಡ ನಿಧಾನವಾಗಿ ಏರಿಸಿದೆವು. ದಿನಾ ಬೆಳಗ್ಗೆ ತೂಕ. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಆ ದಿನದ ಸೆಷನ್ ರದ್ದು, ಅವರ ಮಗನಿಗೂ ಇದನ್ನು ಹೇಳಿಕೊಟ್ಟಿದ್ದೆ.

ಶುಗರ್ ಬೇರೆ ಇದೆಯಲ್ವಾ. ಚೇಂಬರ್ ಒಳಗೆ ಶುಗರ್ ಇಳಿಯಬಹುದು, ಆದ್ದರಿಂದ 120ಕ್ಕಿಂತ ಕೆಳಗಿದ್ದರೆ ತಿಂಡಿ ತಿನ್ನಿಸಿ, ಮತ್ತೆ ಚೆಕ್ ಮಾಡಿಯೇ ಬಿಡುತ್ತೇನೆ. ಬೀಟಾ ಬ್ಲಾಕರ್ (ಬಿಪಿಗೆ, ಹೃದಯಕ್ಕೆ ಕೊಡುವ ಮಾತ್ರೆ) ತಗೊಳ್ಳುವವರ ಮೇಲೆ ಇನ್ನೂ ಜಾಸ್ತಿ ಗಮನ. ಶುಗರ್ ಇಳಿದಾಗ ಬರುವ ನಡುಕ, ಜೋರು ಎದೆಬಡಿತ ಎರಡನ್ನೂ ಆ ಮಾತ್ರೆ ಮುಚ್ಚಿಡುತ್ತದೆ, ಬೆವರನ್ನು ಮುಚ್ಚಲ್ಲ. ಚೇಂಬರ್‌ನ ಪಾರದರ್ಶಕ ಅಕ್ರಿಲಿಕ್ ಕೊಳವೆಯ ಹೊರಗೆ ನಿಂತು ನಾನು ಹಣೆ ನೋಡುತ್ತಿರುತ್ತೇನೆ. ಕೂದಲ ಬುಡದಲ್ಲಿ ಹನಿ ಕಂಡರೆ ಮೈಕ್‌ನಲ್ಲಿ ಹೆಸರು ಕರೆದು ಮಾತಾಡಿಸುತ್ತೇನೆ. ಉತ್ತರ ತಡವಾದರೆ ಒತ್ತಡ ಇಳಿಸಲು ಹೇಳಿಬಿಡುತ್ತೇನೆ.

‘ಇದರಿಂದ ಹಾರ್ಟಿಗೂ ಒಳ್ಳೇದಾಗುತ್ತಂತೆ?’ ಅಂತ ತುಂಬಾ ಜನ ಕೇಳುತ್ತಾರೆ. ಸುಮ್ನೆ ಹುಟ್ಟಿದ ಮಾತಲ್ಲ. 2008ರಲ್ಲಿ ಟರ್ಕಿಯ ವೈದ್ಯರು ಈ ಚಿಕಿತ್ಸೆ ಪಡೆದ ಮಧುಮೇಹಿಗಳಲ್ಲಿ ಹೃದಯ ಸಡಿಲವಾಗುವ ಕೆಲಸ ಸುಧಾರಿಸಿತು ಅಂತ ಬರೆದರು. ಆದರೆ ಅದು ಚಿಕ್ಕ ಅಧ್ಯಯನ. ಹೃದಯದ ಚಿಕಿತ್ಸೆ ಅಂತ ಇದನ್ನು ಮಾರುವವರು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಾಯವಿಲ್ಲದ, ಬರೀ ಹೃದಯಕ್ಕೆ ಅಂತ ಬರುವವರನ್ನು ನಾನು ಚೇಂಬರ್‌ಗೆ ಹಾಕುವುದಿಲ್ಲ, ಅವರ ಮಾತ್ರೆ ಚೀಟಿ ನೋಡಿ ಹೃದ್ರೋಗ ತಜ್ಞರ ಹತ್ತಿರ ಕಳಿಸುತ್ತೇನೆ.