ರೈಲ್ವೇ ಎಂಜಿನ್ ಬೇಕಿತ್ತು, ಡ್ರಮ್ ಸಿಕ್ಕಿತು

ಸ್ಮೋಕರ್, ಅಂದರೆ ಮಾಂಸವನ್ನು ಹೊಗೆಯಲ್ಲಿ ನಿಧಾನಕ್ಕೆ ಬೇಯಿಸುವ ಒಲೆ, ಅದರ ಹುಚ್ಚು ಹಿಡಿದಿದ್ದು ಟೆಕ್ಸಸ್ ಕಡೆಯವರ ವೀಡಿಯೋ ನೋಡಿ. ಉದ್ದಕ್ಕೆ ಮಲಗಿಸಿದ ಕಬ್ಬಿಣದ ಸಿಲಿಂಡರ್, ಒಂದು ತುದಿಗೆ ಬೆಂಕಿ ಪೆಟ್ಟಿಗೆ, ಇನ್ನೊಂದು ತುದಿಗೆ ಹೊಗೆ ಕೊಳವೆ. ಆಫ್‌ಸೆಟ್ ಅಂತಾರೆ. ನೋಡೋಕೆ ಥೇಟ್ ಹಳೇ ರೈಲ್ವೇ ಎಂಜಿನ್. ಮಾಡಿದರೆ ಇದನ್ನೇ ಅಂತ ಒಂದು ಚಿತ್ರ ಗೀಚಿಕೊಂಡು ಸಕಲೇಶಪುರದಲ್ಲಿ ವೆಲ್ಡಿಂಗ್ ಶಾಪಿಗೆ ಹೋದೆ.

ಅವರು ಚಿತ್ರ ನೋಡಿ ಒಂದೇ ಮಾತು ಕೇಳಿದರು. "ಎಷ್ಟು ಎಂಎಂ ಶೀಟ್ ಹಾಕ್ಲಿ ಸರ್?"

ಅಲ್ಲೇ ನನ್ನ ಉತ್ಸಾಹ ಅರ್ಧ ಇಳಿಯಿತು. ಆಫ್‌ಸೆಟ್‌ನಲ್ಲಿ ಬೆಂಕಿ ಒಂದು ಕಡೆ, ಮಾಂಸ ಇನ್ನೊಂದು ಕಡೆ, ಹಾಗಾಗಿ ಕಬ್ಬಿಣವೇ ಬಿಸಿ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ 6 ಎಂಎಂ ಆದರೆ ಒಳ್ಳೆಯದು, ಆದರೆ ಅದು ಚದರ ಮೀಟರಿಗೆ ಸುಮಾರು 47 ಕೆಜಿ ತೂಗುತ್ತದೆ, ನನ್ನ ಅಳತೆಗೆ ಲೆಕ್ಕ ಹಾಕಿದರೆ ಇಡೀ ಯಂತ್ರ 150 ಕೆಜಿ ಹತ್ತಿರ ಹೋಗುತ್ತಿತ್ತು. 2 ಎಂಎಂನಲ್ಲಿ ಮಾಡಿಸಿದರೆ ಅಗ್ಗ, ಆದರೆ ನಮ್ಮ ಕಡೆಯ ಗಾಳಿ ಮಳೆಗೆ ಬಿಸಿ ನಿಲ್ಲೋದಿಲ್ಲ. ಮೇಲಾಗಿ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಸೌದೆ ತುಂಬುತ್ತಾ ಕೂರಬೇಕು. ಆ ತಾಳ್ಮೆ ನನಗಿಲ್ಲ.

ಇಟ್ಟಿಗೆ ಗೂಡು ಕಟ್ಟೋಣ ಅಂದರೆ ಬಾಡಿಗೆ ಮನೆ.

ಹಾಗೆ ಉಳಿದದ್ದು 200 ಲೀಟರ್ ಡ್ರಮ್. ಕೆಳಗೆ ಇದ್ದಿಲು, ಎರಡಡಿ ಮೇಲೆ ಜಾಲರಿ, ಅದರ ಮೇಲೆ ಮಾಂಸ, ಮೇಲೊಂದು ಮುಚ್ಚಳ. ಅಷ್ಟೇ. ಗುಜರಿಯಲ್ಲಿ ಅಡುಗೆ ಎಣ್ಣೆ ಬಂದಿದ್ದ ಡ್ರಮ್ ಹುಡುಕಿದೆ. ಕೆಮಿಕಲ್ ಇದ್ದದ್ದು ಎಷ್ಟು ತೊಳೆದರೂ ಬೇಡ. ಒಳಗೆ ಕೋಟಿಂಗ್ ಇತ್ತು. ಎಣ್ಣೆ ಜಿಡ್ಡನ್ನೆಲ್ಲ ತೊಳೆದು, ಮೇಲಿನ ತಲೆ ತೆಗೆಸಿ, ತೂತು ಹೊಡೆಸಿ, ಆಮೇಲೆ ತೋಟದಲ್ಲಿ ಸೌದೆ ತುಂಬಿ ಜೋರಾಗಿ ಬೆಂಕಿ ಹಾಕಿ ಆ ಕೋಟಿಂಗ್ ಸುಟ್ಟೆ. ಕಪ್ಪು ಹೊಗೆ ನೋಡಿ ಚಿಕ್ಕಪ್ಪ ಓಡಿ ಬಂದರು. "ಏನೋ ಇದು, ಭಟ್ಟಿ ಇಳಿಸೋಕೆ ಶುರು ಮಾಡಿದ್ಯಾ?" ಇನ್ನೊಂದು ಮಾತು, ಒಳಗಿನ ಜಾಲರಿ, ಇದ್ದಿಲಿನ ಬುಟ್ಟಿ ಯಾವುದಕ್ಕೂ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ, ಹಾಕಬೇಡಿ. ಬೆಂಕಿ ತಾಗಿದರೆ ಸತುವಿನ ಹೊಗೆ ಬರುತ್ತದೆ, ಅದು ವಿಷ.

ತಪ್ಪು ಮಾಡಿದ್ದು ತೂತಿನಲ್ಲಿ. ಗಾಳಿ ಚೆನ್ನಾಗಿ ಆಡಲಿ ಅಂತ ತಳದಿಂದ ಎರಡಿಂಚು ಮೇಲೆ ಸುತ್ತಲೂ ಎಂಟು ತೂತು, ಒಂದೊಂದೂ ಒಂದಿಂಚು. ಮೊದಲ ಸಲ ಹಂದಿ ಮಾಂಸ ಇಟ್ಟಾಗ ಮೀಟರ್ 120 ಡಿಗ್ರಿ ದಾಟಿ, 150 ದಾಟಿ, 190ಕ್ಕೆ ಹೋಗಿ ನಿಂತಿತು. ಗಾಬರಿಯಾಗಿ ಮುಚ್ಚಳ ತೆಗೆದೆ ನೋಡಿ, ಒಳಗೆ ತೊಟ್ಟಿಕ್ಕಿದ್ದ ಕೊಬ್ಬಿಗೆಲ್ಲ ಗಾಳಿ ಸಿಕ್ಕಿ ಬೆಂಕಿ ಭಗ್ ಅಂತ ಮೇಲೆದ್ದು ಬಲಗೈ ಕೂದಲೆಲ್ಲ ಹೋಯಿತು. ಮುಚ್ಚಿಯೇ ಇದ್ದಿದ್ದರೆ ಗಾಳಿ ಸಾಲದೆ ಬರೀ ಹೊಗೆಯಾಡುತ್ತಿತ್ತು. ಮಾಂಸ ಹೊರಗೆ ಇದ್ದಿಲು, ಒಳಗೆ ಗುಲಾಬಿ ಬಣ್ಣ. ನಾಯಿಗೆ ಹಬ್ಬ.

ಈಗ ಐದು ತೂತಿಗೆ ಬೋಲ್ಟ್ ಬಿಗಿದಿದ್ದೇನೆ. ಉಳಿದ ಮೂರರಲ್ಲೂ ಎರಡನ್ನು ಬಿಸಿ ಏರುತ್ತಿದ್ದ ಹಾಗೆ, 100 ಡಿಗ್ರಿ ಹತ್ತಿರವೇ ಮುಚ್ಚಿಬಿಡುತ್ತೇನೆ, ಯಾಕೆಂದರೆ ಒಮ್ಮೆ ಮೇಲೆ ಹೋದ ಬಿಸಿಯನ್ನು ಇಳಿಸೋದು ದೊಡ್ಡ ರಗಳೆ. ಬುಟ್ಟಿ ತುಂಬ ಹಸಿ ಇದ್ದಿಲು, ಅಂದರೆ ಹೊತ್ತಿಸದ್ದು, ಅದರ ಮೇಲೆ ಕೆಂಡ ಎಂಟು ಹತ್ತು ಚೂರು ಮಾತ್ರ. ನಿಧಾನಕ್ಕೆ ಕೆಳಗಿಳಿಯುತ್ತಾ ಉರಿಯುತ್ತದೆ, 4 ಕೆಜಿ ಇದ್ದಿಲು ನನಗೆ ಆರೇಳು ಗಂಟೆ ಬರುತ್ತದೆ. ಹೊಗೆಗೆ ಹಳೇ ಗಿಡ ಕಿತ್ತಾಗ ಸಿಕ್ಕ ಕಾಫಿ ಬೊಡ್ಡೆ, ಚೆನ್ನಾಗಿ ಒಣಗಿದ್ದು, ಮೂರು ತುಂಡು ಸಾಕು. ಬಿಳೀ ದಟ್ಟ ಹೊಗೆ ಬರುವಾಗ ಮಾಂಸ ಇಡಬೇಡಿ, ಕಹಿಯಾಗುತ್ತದೆ. ತೆಳ್ಳಗೆ, ನೀಲಿ ಛಾಯೆ ಬರುವ ತನಕ ಕಾಯಿರಿ.

ಮಾಂಸದ ಒಳಗಿನ ಬಿಸಿ 70ರ ಆಸುಪಾಸು ಬಂದು ಗಂಟೆಗಟ್ಟಲೆ ಅಲ್ಲೇ ಕೂರುತ್ತದೆ. ಮೈ ಬೆವರಿದ ಹಾಗೆ ಅದರ ನೀರು ಆವಿಯಾಗುತ್ತಾ ತಂಪಾಗುತ್ತಿರುತ್ತದೆ. ಬೆಂಕಿ ಕೆಟ್ಟಿತು ಅಂತ ತೂತು ತೆರೆಯಬೇಡಿ, ನಾನು ತೆರೆದು ಅನುಭವಿಸಿದ್ದೇನೆ. ಭುಜದ ತುಂಡಾದರೆ 95 ಮುಟ್ಟಲಿ, ಮೂಳೆ ಹಿಡಿದು ಎಳೆದರೆ ಕೈಗೇ ಬರುತ್ತದೆ.

ಹೋದ ವಾರ ಚಿಕ್ಕಪ್ಪ ಮತ್ತೆ ಬಂದಿದ್ದರು. ಬೇಲಿ ಹತ್ತಿರ ನಿಂತು, "ಭಟ್ಟಿ ಎಷ್ಟೊತ್ತಿಗೆ ಇಳಿಯುತ್ತೋ?" ಅಂದರು. ತಟ್ಟೆ ಅವರೇ ತಂದಿದ್ದರು.