ಬೆಳ್ಳಿ ರೂಪಾಯಿ ಸವೆದಿದ್ಯಾ ಅಂತ ನೋಡೋಕೆ
ಮೈಸೂರಲ್ಲಿ ಹಳೇ ಬೆಳ್ಳಿ ರೂಪಾಯಿ ತಗೊಳೋರು ಟ್ಯೂಬ್‌ಲೈಟ್ ಕೆಳಗೆ ಗ್ರೇಡ್ (ಎಷ್ಟು ಸವೆದಿದೆ ಅಂತ ಅಳೆಯೋದು) ಮಾಡ್ಬೇಡಿ, ಒಂದೇ ಬಲ್ಬಿನ ಕೆಳಗೆ ಅಂಚು ಹಿಡ್ಕೊಂಡು ನಿಧಾನಕ್ಕೆ ಓರೆ ಮಾಡ್ತಾ ತಿರುಗಿಸಿ. ಸವೀದೇ ಇರೋದ್ರಲ್ಲಿ ಹೊಳಪು ಚಕ್ರದ ಕಡ್ಡಿ ಥರ ಸುತ್ತುತ್ತೆ, ಯಾಕಂದ್ರೆ ಅಚ್ಚು ಒತ್ತಿದಾಗ ಲೋಹ ಹರಿದು ಮೂಡಿದ ಸಣ್ಣ ಗೆರೆಗಳು ಇನ್ನೂ ಹಾಗೇ ಇರ್ತವೆ. ನಾಣ್ಯದ ಮೇಲಿರೋ ವಿಕ್ಟೋರಿಯಾ ರಾಣಿ ಕೆನ್ನೆ, ಐದನೇ ಜಾರ್ಜ್ ಹುಬ್ಬು ಇಂಥ ಎತ್ತರದ ಜಾಗದಲ್ಲಿ ಆ ಹೊಳಪು ಕಟ್ ಆಗಿ ಮಂಕಾಗಿ ಕಂಡ್ರೆ ಸವೆದಿದೆ ಅಂತಲೇ, ಮಾರೋರು ಯುಎನ್‌ಸಿ (ಚಲಾವಣೆಗೇ ಬರದ ನಾಣ್ಯ) ಅಂದ್ರೂ ಒಪ್ಬೇಡಿ. ಹುಣಸೆಹಣ್ಣು ಹಾಕಿ ಉಜ್ಜಿರೋದು ಫಳಫಳ ಅನ್ನುತ್ತೆ ಆದ್ರೆ ಬೆಳಕು ಹಾಗೆ ಸುತ್ತಲ್ಲ (ದಯವಿಟ್ಟು ಯಾರೂ ತೊಳೀಬೇಡಿ, ಬೆಲೆ ಬಿದ್ದೋಗುತ್ತೆ). ಟಿಪ್ಪು ಕಾಲದ ಆನೆ ಕಾಸಿಗೆ ಮಾತ್ರ ಇದು ನಡೆಯಲ್ಲ, ತಾಮ್ರ ಕಪ್ಪಾಗಿ ಹೊಳಪೇ ಉಳಿದಿರಲ್ಲ, ಅಲ್ಲಿ ಆನೆ, ಅಕ್ಷರ ಎಷ್ಟು ನೀಟಾಗಿ ಉಳಿದಿದೆ ಅಂತಷ್ಟೇ ನೋಡ್ಬೇಕು.