ಬೇಸಿಗೆ ಟೈರ್‌ಗಳನ್ನು ನಾನೇ ಅಳೆದು ಹೋಲಿಸಿದ ಬಗೆ

ಟ್ರ್ಯಾಕ್ ಇಲ್ಲದೆ, ಪ್ರಯೋಗಶಾಲೆಯ ಯಂತ್ರಗಳಿಲ್ಲದೆ ಟೈರ್‌ಗಳನ್ನು ಹೋಲಿಸಲು ಹೊರಟರೆ ಹಣವೂ ಹಾಳು, ಟೈರೂ ಹಾಳು ಎಂದು ಬಲ್ಲವರೇ ಹೇಳಿದ್ದರು. ಟೈರ್ ಬಿಚ್ಚಿ ಹಾಕುವುದನ್ನೇ ಕಸುಬು ಮಾಡಿಕೊಂಡವರು ಕೂಡ ನಂಬಲಿಲ್ಲ. ಈಗ ನನ್ನ ಪುಸ್ತಕದಲ್ಲಿ ಒಂದೇ ಅಳತೆಯ, ಹಿಮಕ್ಕಲ್ಲದೆ ಬೆಚ್ಚಗಿನ ರಸ್ತೆಗೆಂದು ಮಾಡಿದ ಮೂರು ಸೆಟ್ ಬೇಸಿಗೆ ಟೈರ್‌ಗಳ ಲೆಕ್ಕವಿದೆ. ಬೇರೆ ಬೇರೆ ದಿನ ತೆಗೆದ ಅಂಕಿಗಳು ಒಂದಕ್ಕೊಂದು ಹೊಂದುತ್ತವೆ. ಅಂದು ತಲೆಯಾಡಿಸಿದವರಲ್ಲಿ ಇಬ್ಬರು ತಮ್ಮ ಕಾರುಗಳಿಗೆ ನಾನು ಹೇಳಿದ ಟೈರ್‌ಗಳನ್ನೇ ಹಾಕಿಸಿಕೊಂಡಿದ್ದಾರೆ.

ಬ್ರ್ಯಾಂಡ್‌ಗಳ ಹೆಸರು ಬರೆಯುವುದಿಲ್ಲ. ಅದೇ ಹೆಸರಿನ ಟೈರ್ ಬೇರೆ ಅಳತೆಯಲ್ಲಿ ಬೇರೆಯಾಗಿಯೇ ನಡೆದುಕೊಳ್ಳುತ್ತದೆ. ನನ್ನ ಅಂಕಿ ಓದಿ ಯಾರೂ ಕುರುಡಾಗಿ ಕೊಳ್ಳುವುದು ಬೇಡ. ಅಗ್ಗದ್ದು, ನಡುವಿನದು, ದುಬಾರಿಯದು ಎನ್ನುತ್ತೇನೆ. ಮೂರರ ಅಳತೆಯೂ 205/55 ಆರ್16, ಅಂದರೆ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 55, ರಿಮ್ 16 ಇಂಚು. ಅಗ್ಗದ ಸೆಟ್ಟಿನ ಬೆಲೆಯನ್ನು ನೂರು ಎಂದಿಟ್ಟುಕೊಂಡರೆ ನಡುವಿನದಕ್ಕೆ ನೂರಮೂವತ್ತೈದರಷ್ಟು, ದುಬಾರಿಯದಕ್ಕೆ ನೂರ ಅರವತ್ತೈದರಷ್ಟು ಬಿತ್ತು.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳುತ್ತೇನೆ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಇಂಧನ ಲೆಕ್ಕ ಹಾಕುವುದು ಎಲ್ಲರೂ ಹಿಡಿಯುವ ದಾರಿ. ಅದರಲ್ಲಿ ಹೊಸ ಟೈರ್ ಯಾವಾಗಲೂ ಸೋಲುತ್ತದೆ. ಸವೆದ ಟೈರಿನ ಸುತ್ತಳತೆ ಕಡಿಮೆ. ತ್ರಿಜ್ಯದಲ್ಲಿ 5 ಮಿ.ಮೀ. ಹೋದರೆ ಸುಮಾರು ಎರಡು ಮೀಟರ್ ಸುತ್ತಳತೆಯಲ್ಲಿ 30 ಮಿ.ಮೀ.ಯಷ್ಟು ಹೋಯಿತು. ಅಂದರೆ ಓಡೋಮೀಟರ್ ನಿಜವಾದ ದೂರಕ್ಕಿಂತ ಶೇ. ಒಂದೂವರೆಯ ತನಕ ಹೆಚ್ಚು ತೋರಿಸಬಹುದು. ಜೊತೆಗೆ ಟ್ರೆಡ್, ಅಂದರೆ ನೆಲ ಮುಟ್ಟುವ ಗೀರುಗಳಿರುವ ರಬ್ಬರ್ ಪದರ, ತೆಳುವಾದಷ್ಟೂ ಟೈರ್ ಹಗುರಾಗಿ ಉರುಳುತ್ತದೆ. ಇವೆರಡೂ ಸೇರಿದರೆ ಹಳೆಯ ಟೈರ್ ಮಿತವ್ಯಯಿ, ಹೊಸದು ಇಂಧನ ಕುಡಿಯುತ್ತದೆ ಎಂಬ ತೀರ್ಮಾನ ಸಿದ್ಧ. ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು ಎಂದು ದೂರುವ ಪ್ರತಿಯೊಬ್ಬರಿಗೂ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಲೇಬಲ್ ನಂಬಿ ಕೊಳ್ಳುವುದು ಇನ್ನೊಂದು ದಾರಿ. ಯುರೋಪಿನ ಲೇಬಲ್ 2021ರ ಮೇ ತಿಂಗಳಿಂದ ಎ ಇಂದ ಇ ವರೆಗೆ ಐದು ದರ್ಜೆಗಳಲ್ಲಿದೆ. ಒದ್ದೆ ನೆಲದ ಹಿಡಿತವನ್ನು ಹೊಸ ಟೈರಿನ ಮೇಲೆ ಅಳೆದು ಕೊಟ್ಟದ್ದು ಅದು. ಅದರಲ್ಲಿನ ಡೆಸಿಬೆಲ್ ಅಂಕಿ ಕಾರಿನ ಹೊರಗಿನ ಸದ್ದಿನದು, ಒಳಗೆ ಕುಳಿತವನ ಕಿವಿಗೆ ಬೀಳುವುದು ಬೇರೆ. ಸವೆತದ ಬಗ್ಗೆ ಅದು ಏನೂ ಹೇಳುವುದಿಲ್ಲ. ಅಮೆರಿಕದ ಟ್ರೆಡ್‌ವೇರ್ ಅಂಕಿ ಹೇಳುತ್ತದೆ ನಿಜ, ಆದರೆ ಅದನ್ನು ತಯಾರಕರೇ ತಮ್ಮ ಟೈರಿಗೆ ಕೊಟ್ಟುಕೊಳ್ಳುವುದರಿಂದ ಎರಡು ಕಂಪನಿಗಳ 400ನ್ನು ಪಕ್ಕಪಕ್ಕ ಇಟ್ಟು ನೋಡಿ ಪ್ರಯೋಜನವಿಲ್ಲ.

ಮೂರನೆಯ ದಾರಿ, ಈ ವಾರ ಒಂದು ಸೆಟ್ಟಿನ ಬ್ರೇಕ್ ದೂರ ಅಳೆದು ಮುಂದಿನ ವಾರ ಇನ್ನೊಂದರದು ಅಳೆಯುವುದು. ಇದೇ ಅತಿ ಹೆಚ್ಚು ಮೋಸ ಮಾಡುವಂಥದ್ದು, ಏಕೆಂದರೆ ಕೈಗೆ ಸಿಗುವ ಅಂಕಿಗಳು ನೋಡಲು ಅಚ್ಚುಕಟ್ಟಾಗಿರುತ್ತವೆ. ಒಂದೇ ಟೈರನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ಒದ್ದೆ ನೆಲದಲ್ಲಿ ಅಳೆದಾಗ ಎರಡು ಮೀಟರ್ ವ್ಯತ್ಯಾಸ ಬಂದದ್ದನ್ನು ಕಂಡಿದ್ದೇನೆ. ಬದಲಾದದ್ದು ಟೈರ್ ಅಲ್ಲ, ನೆಲ. ಅದರ ಬಿಸಿ, ಅದರ ಮೇಲಿನ ನೀರು, ಹಿಂದಿನ ಬ್ರೇಕಿಂಗ್ ಬಿಟ್ಟುಹೋದ ರಬ್ಬರ್.

ನನ್ನ ವಿಧಾನದ ಜೀವಾಳ ಇಲ್ಲಿದೆ: ಒಂದು ಸೆಟ್ಟನ್ನು ಆಧಾರವಾಗಿ ಇಟ್ಟುಕೊಂಡು ಪ್ರತಿ ಸರದಿಯನ್ನೂ ಅದರಿಂದಲೇ ಆರಂಭಿಸಿ ಅದರಿಂದಲೇ ಮುಗಿಸುವುದು. ಮೊದಲು ಆಧಾರ, ಬಳಿಕ ಪರೀಕ್ಷೆಯ ಸೆಟ್, ಮತ್ತೆ ಆಧಾರ. ಎರಡು ಆಧಾರಗಳ ನಡುವೆ ನೆಲ ಎಷ್ಟು ಬದಲಾಗಿದೆಯೋ ಅಷ್ಟನ್ನು ಹಂಚಿ ಕಳೆಯಬೇಕು. ವೃತ್ತಿಪರ ಪರೀಕ್ಷಕರು ಮಾಡುವುದೂ ಇದನ್ನೇ, ಅವರಿಗೆ ಅದಕ್ಕೆಂದೇ ತಯಾರಿಸಿದ ಆಧಾರ ಟೈರ್ ಇರುತ್ತದೆ. ನನಗೆ ನನ್ನ ಹಳೆಯ ಅರೆ ಸವೆದ ಸೆಟ್ಟೇ ಸಾಕಾಯಿತು. ಆಧಾರ ಟೈರ್ ಒಳ್ಳೆಯದಿರಬೇಕೆಂದಿಲ್ಲ, ಬದಲಾಗದೆ ಇದ್ದರೆ ಆಯಿತು. ಅದನ್ನು ಪರೀಕ್ಷೆಗೆ ಮಾತ್ರ ಬಳಸಿ, ಉಳಿದ ಕಾಲ ಕತ್ತಲಲ್ಲಿ ಮುಚ್ಚಿಡುತ್ತೇನೆ.

ಇದಕ್ಕೆ ಪ್ರತಿ ಸೆಟ್ಟಿಗೂ ಪ್ರತ್ಯೇಕ ರಿಮ್ ಬೇಕು. ಹಣ ನೀರಿನಂತೆ ಹೋದದ್ದು ಅಲ್ಲೇ. ಬಳಸಿದ ಉಕ್ಕಿನ ರಿಮ್‌ಗಳಿಗೆ ಮಾತ್ರವೇ ಅಗ್ಗದ ಟೈರ್ ಸೆಟ್ಟಿನ ಬೆಲೆಗೆ ಹತ್ತಿರದಷ್ಟು ಖರ್ಚಾಯಿತು. ಆದರೆ ರಿಮ್ ಇಲ್ಲದೆ ಒಂದೇ ಬೆಳಿಗ್ಗೆ ಮೂರು ಬಾರಿ ಟೈರ್ ಬದಲಿಸಲು ಸಾಧ್ಯವೇ ಇಲ್ಲ. ಪ್ರತಿ ಸಲ ಬಿಚ್ಚಿ, ಹಾಕಿ, ಬ್ಯಾಲೆನ್ಸಿಂಗ್ ಮಾಡಿಸುವ ಕೂಲಿ ಬೇಗನೇ ರಿಮ್‌ನ ಬೆಲೆಯನ್ನು ಮೀರುತ್ತದೆ. ವೇಗ, ದೂರ ಬರೆದಿಡುವ ಜಿಪಿಎಸ್ ಲಾಗರ್ ಸೆಕೆಂಡಿಗೆ ಹತ್ತು ಬಾರಿಯಾದರೂ ದಾಖಲಿಸುವಂಥದ್ದು ಇರಲಿ. ಟ್ರೆಡ್ ಗೀರುಗಳ ಆಳ ಅಳೆಯುವ ಡೆಪ್ತ್ ಗೇಜ್‌ಗೆ ಮಾತ್ರ ಜಿಪುಣತನ ಬೇಡ. ಅಗ್ಗದ ಗೇಜ್ ಅರ್ಧ ಮಿ.ಮೀ. ತಪ್ಪು ತೋರಿಸಿದರೆ ಸಾವಿರಾರು ಕಿ.ಮೀ.ಗಳ ಸವೆತವೇ ಮಾಯ.

ಬ್ರೇಕಿಂಗ್ ಅನ್ನು ಬೇರೆ ವಾಹನ ಬಾರದ, ಅನುಮತಿ ಪಡೆದ ಮುಚ್ಚಿದ ಅಂಗಳದಲ್ಲಿ, ಒಂದೇ ದಿಕ್ಕಿನಲ್ಲಿ ಮಾಡುತ್ತೇನೆ. ಗಂಟೆಗೆ 85 ಕಿ.ಮೀ. ದಾಟಿದಾಗ ಪೆಡಲನ್ನು ಪೂರ್ತಿ ತುಳಿದು, 80ರಿಂದ 20ರ ನಡುವಿನ ದೂರವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಹೀಗೆ ಮಾಡಿದರೆ ನನ್ನ ಕಾಲಿನ ವೇಗ ಲೆಕ್ಕದಿಂದ ಹೊರಗೆ, ನಿಲ್ಲುವ ಹೊತ್ತಿನ ಜಿಪಿಎಸ್ ಗಲಿಬಿಲಿಯೂ ಹೊರಗೆ. ಎಬಿಎಸ್ ಇಲ್ಲದ ಕಾರಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಹೊಸ ಸೆಟ್ಟನ್ನು ಮೊದಲು ಇನ್ನೂರು ಕಿ.ಮೀ.ಗಳಷ್ಟಾದರೂ ಓಡಿಸಿ ಮೇಲ್ಪದರವನ್ನು ಕಳೆದಿರಬೇಕು. ನೆಲವನ್ನು ಪ್ರತಿ ಬಾರಿ ಒಂದೇ ಹದಕ್ಕೆ ಒದ್ದೆ ಮಾಡುವುದು ಹೇಗೆ ಎಂಬುದನ್ನು ಕಂಡುಕೊಳ್ಳಲು ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಒಣ ನೆಲದಲ್ಲಿ ಮೂರೂ 25ರಿಂದ 27 ಮೀಟರಿನೊಳಗೆ ಬಂದವು. ಅಷ್ಟಕ್ಕಾಗಿ ಯಾರೂ ದುಬಾರಿ ಟೈರ್ ಕೊಳ್ಳಬೇಕಿಲ್ಲ. ಒದ್ದೆ ನೆಲದಲ್ಲಿ ದುಬಾರಿಯದು 33 ಮೀಟರ್, ನಡುವಿನದು 35, ಅಗ್ಗದ್ದು 41ರ ಸುತ್ತ. ಎಂಟು ಮೀಟರ್ ಎಂದರೆ ಕೇಳಲು ಸಣ್ಣದು. ಅದನ್ನೇ ವೇಗಕ್ಕೆ ತಿರುಗಿಸಿ ನೋಡಿ: ದುಬಾರಿಯ ಟೈರಿನ ಕಾರು 20ಕ್ಕೆ ಇಳಿದ ಜಾಗದಲ್ಲಿ ಅಗ್ಗದ ಟೈರಿನ ಅದೇ ಕಾರು ಇನ್ನೂ 40ರ ಹತ್ತಿರ ಓಡುತ್ತಿರುತ್ತದೆ. ಈ ಅಂಕಿಯನ್ನು ಕಂಡ ದಿನದಿಂದ ಮನೆಯವರು ಕುಳಿತಿರುವಾಗ ಅಗ್ಗದ ಸೆಟ್ಟನ್ನು ಹಾಕಿಲ್ಲ.

ಉರುಳುವಿಕೆಯನ್ನು ಇಂಧನದಲ್ಲಿ ಅಳೆಯದೆ ಸಮಯದಲ್ಲಿ ಅಳೆದೆ. ಅರ್ಧ ಗಂಟೆ ಓಡಿಸಿ ಟೈರ್ ಬಿಸಿಯಾದ ಮೇಲೆ, ಸಮತಟ್ಟಾದ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿ 60ರಿಂದ 40ಕ್ಕೆ ಇಳಿಯಲು ಎಷ್ಟು ಸೆಕೆಂಡು ಎಂದು ಎರಡೂ ದಿಕ್ಕುಗಳಲ್ಲಿ ನೋಡಿ ಸರಾಸರಿ ತೆಗೆಯುವುದು. ಗಾಳಿ ಬೀಸುವ ದಿನ ಈ ಕೆಲಸಕ್ಕೆ ಕೈಹಾಕಬಾರದು. ನಡುವಿನದು 38 ಸೆಕೆಂಡಿನಷ್ಟು ಉರುಳಿತು, ದುಬಾರಿಯದು 34, ಅಗ್ಗದ್ದು ಅವೆರಡರ ಮಧ್ಯೆ. ಇಂಧನದಲ್ಲಿ ಇದು ಶೇ. 2ರಿಂದ 3ರಷ್ಟು ಎಂದು ನನ್ನ ಅಂದಾಜು.

ನಡುವೆ ಎರಡು ಪಕ್ಕದ ಪ್ರಯೋಗಗಳನ್ನೂ ಮಾಡಿದೆ. ಎರಡು ಚಕ್ರಗಳಿಗೆ ನೈಟ್ರೋಜನ್, ಎರಡಕ್ಕೆ ಒಣ ಗಾಳಿ ತುಂಬಿಸಿ ಓಡಿಸಿದರೆ ಬಿಸಿಗೆ ಒತ್ತಡ ಏರಿದ್ದು ಎರಡರಲ್ಲೂ ಒಂದೇ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇರುವಾಗ ಬೇರೆ ಏನಾದೀತು? ಇನ್ನೊಂದು, ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಗೇಜ್; ಅಂಕಿ ಹೆಚ್ಚಿದಷ್ಟೂ ರಬ್ಬರ್ ಗಟ್ಟಿ. ಅಗ್ಗದ್ದು 70ರ ಆಸುಪಾಸು, ನಡುವಿನದು 66, ದುಬಾರಿಯದು 64. ಒದ್ದೆ ಹಿಡಿತದ ಗುಟ್ಟು ಇಷ್ಟೇ ಎಂದುಕೊಳ್ಳುವಷ್ಟರಲ್ಲಿ ಆಧಾರದ ಹಳೆಯ ಸೆಟ್ಟನ್ನೂ ಅಳೆದೆ: ಅದು 72, ಆದರೂ ಒದ್ದೆಯಲ್ಲಿ ಅಗ್ಗದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಹಿಡಿತ ರಬ್ಬರಿನ ಮಿಶ್ರಣದಲ್ಲಿದೆ, ಅದರಲ್ಲೂ ಅದಕ್ಕೆ ಬೆರೆಸುವ ಸಿಲಿಕಾ ಪುಡಿಯಲ್ಲಿ. ಬೆರಳಿನಿಂದ ಒತ್ತಿ ಟೈರಿನ ಗುಣ ಹೇಳುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಸವೆತದ ಲೆಕ್ಕ ನಿಧಾನದ್ದು. ಮುಂದಿನ ಚಕ್ರಗಳಲ್ಲಿ, ಗುರುತು ಹಾಕಿದ ಜಾಗಗಳಲ್ಲೇ, ಒಳಗೆ, ನಡುವೆ, ಹೊರಗೆ ಅಳೆಯಬೇಕು. ಮೊದಲ ಕೆಲವು ಸಾವಿರ ಕಿ.ಮೀ.ಗಳ ಸವೆತವನ್ನು ಎಳೆದು ಆಯುಷ್ಯ ಕಟ್ಟಬೇಡಿ. ಎತ್ತರದ ಹೊಸ ಟ್ರೆಡ್ ಹೆಚ್ಚು ಅಲುಗಾಡುವುದರಿಂದ ಆರಂಭದಲ್ಲಿ ಬೇಗ ಸವೆಯುತ್ತದೆ. ಹತ್ತು ಸಾವಿರ ಕಿ.ಮೀ.ಗೆ ಅಗ್ಗದ್ದು 1.7 ಮಿ.ಮೀ. ಕಳೆದುಕೊಂಡಿತು, ನಡುವಿನದು 1.1, ದುಬಾರಿಯದು 1.4. ಹೊಸದಾಗಿದ್ದಾಗಿನ ಆಳವೂ ಒಂದೇ ಅಲ್ಲ: ನಡುವಿನದು 8, ಅಗ್ಗದ್ದು ಏಳೂವರೆ, ದುಬಾರಿಯದು 7 ಮಾತ್ರ. ಬಹಳ ದೇಶಗಳಲ್ಲಿ ಕಾನೂನಿನ ಮಿತಿ 1.6 ಮಿ.ಮೀ., ನಾನು 3ಕ್ಕೇ ಬಿಡುತ್ತೇನೆ. ಆ ಲೆಕ್ಕದಲ್ಲಿ ನಡುವಿನದು 45 ಸಾವಿರ ಕಿ.ಮೀ. ಬಾಳುತ್ತದೆ, ದುಬಾರಿಯದು 28 ಸಾವಿರ, ಅಗ್ಗದ್ದು 26 ಸಾವಿರ. ಅಗ್ಗದ್ದಕ್ಕೆ ನೂರು ಎಂದಿಟ್ಟ ಬೆಲೆಯ ಲೆಕ್ಕವನ್ನೇ ಇದರಿಂದ ಭಾಗಿಸಿದರೆ ಹತ್ತು ಸಾವಿರ ಕಿ.ಮೀ.ಗೆ ನಡುವಿನದಕ್ಕೆ 30, ಅಗ್ಗದ್ದಕ್ಕೆ 38, ದುಬಾರಿಯದಕ್ಕೆ 58. ದಿನನಿತ್ಯದ ಓಡಾಟಕ್ಕೆ ನಾನು ನಡುವಿನದನ್ನು ಹಾಕಿಕೊಂಡದ್ದು ಈ ಮೂರು ಅಂಕಿಗಳನ್ನು ನೋಡಿ.

ಅಗ್ಗದ ಸೆಟ್ ಈಗ 3 ಮಿ.ಮೀ.ಗೆ ಬಂದಿದೆ. ಅದನ್ನು ಎಸೆಯದೆ ಮತ್ತೆ ಒದ್ದೆ ನೆಲಕ್ಕೆ ಒಯ್ದೆ: 41 ಇದ್ದದ್ದು 48 ಮೀಟರಿಗೆ ಹೋಗಿದೆ. ಉಳಿದೆರಡು ಅದೇ ಆಳಕ್ಕೆ ಇಳಿದಾಗ ಅವುಗಳನ್ನೂ ಇದೇ ಅಂಗಳದಲ್ಲಿ, ಇದೇ ಆಧಾರ ಸೆಟ್ಟಿನ ಜೊತೆ ಅಳೆಯುತ್ತೇನೆ.